ಅಕೇಡಿಯಾದ ಕಡಲಿನಲ್ಲಿ ಯಾವ ದೋಣಿ ಹತ್ತಬೇಕು? ದೀಪಸ್ತಂಭ, ಬೆಟ್ಟ ಮತ್ತು ವನ್ಯಜೀವಿ ವಿಹಾರಗಳ ಹೋಲಿಕೆ

ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿ ನಿಂತಿರುವ ಮೌಂಟ್ ಡೆಸರ್ಟ್ ದ್ವೀಪದ ಸುತ್ತ ಮೇ ತಿಂಗಳ ಕೊನೆಯಿಂದ ಅಕ್ಟೋಬರ್ ನಡುಭಾಗದವರೆಗೆ ಪ್ರವಾಸಿ ದೋಣಿಗಳ ಓಡಾಟ ನಿಲ್ಲುವುದಿಲ್ಲ. ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಬಹುಭಾಗ ಇರುವುದು ಈ ದ್ವೀಪದ ಮೇಲೆಯೇ. ದ್ವೀಪದ ಮುಖ್ಯ ಊರಾದ ಬಾರ್ ಹಾರ್ಬರಿನ ದಕ್ಕೆಯ ಬಳಿ ಟಿಕೆಟು ಕೊಳ್ಳಲು ಬಂದವರಿಗೆ ಹೆಚ್ಚುಕಡಿಮೆ ಎಲ್ಲ ದೋಣಿಗಳವರೂ ಒಂದೇ ಭರವಸೆ ಕೊಡುತ್ತಾರೆ: ದೀಪಸ್ತಂಭಗಳನ್ನು, ಬೆಟ್ಟಗಳನ್ನು, ವನ್ಯಜೀವಿಗಳನ್ನು ಒಂದೇ ವಿಹಾರದಲ್ಲಿ ತೋರಿಸುತ್ತೇವೆ ಎಂದು. ಆ ಮಾತು ಸುಳ್ಳಲ್ಲ. ಆದರೆ ಈ ಮೂರನ್ನೂ ಚೆನ್ನಾಗಿ ನೋಡಲು ಬೇಕಾದ ದೂರ, ಹೊತ್ತು ಮತ್ತು ತಿಂಗಳು ಬೇರೆ ಬೇರೆಯಾಗಿರುವುದರಿಂದ, ಯಾವ ದೋಣಿಯೂ ಮೂರನ್ನೂ ಸಮನಾಗಿ ತೋರಿಸಲಾರದು. ಆದ್ದರಿಂದ ದೋಣಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಆಯ್ಕೆಗೆ ತೊಡಗುವುದಕ್ಕಿಂತ, ಮೂರರಲ್ಲಿ ನಮಗೆ ಬಹಳ ಮುಖ್ಯವಾದದ್ದು ಯಾವುದೆಂದು ಮೊದಲು ತೀರ್ಮಾನಿಸಿ, ಬಳಿಕ ಅದಕ್ಕೆ ಒಪ್ಪುವ ದೋಣಿಯನ್ನೂ ಹೊತ್ತನ್ನೂ ಹುಡುಕುವುದು ಲೇಸು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಬೆಟ್ಟಕ್ಕೆ ಬೆಳಗಿನ ಬಿಸಿಲು, ಸೀಲ್‌ಗಳಿಗೆ ಇಳಿತದ ಹೊತ್ತು

ಈ ಬೆಟ್ಟಗಳು ಎತ್ತರದಲ್ಲಿ ದೊಡ್ಡವಲ್ಲ. ಎಲ್ಲಕ್ಕಿಂತ ಎತ್ತರದ ಕ್ಯಾಡಿಲಾಕ್ ಬೆಟ್ಟದ ಎತ್ತರ 1,530 ಅಡಿ. ಆದರೂ ಅಮೆರಿಕದ ಅಟ್ಲಾಂಟಿಕ್ ದಂಡೆಯುದ್ದಕ್ಕೂ ಇದಕ್ಕಿಂತ ಎತ್ತರದ ಬೆಟ್ಟ ಇನ್ನೊಂದಿಲ್ಲ, ಮತ್ತು ಬೆಟ್ಟ ಸಮುದ್ರದ ಅಂಚಿನಿಂದಲೇ ಏಳುವುದರಿಂದ ನೀರಿನ ಮೇಲಿಂದ ನೋಡುವವರಿಗೆ ಅದರ ಪೂರ್ಣ ಎತ್ತರ ಒಂದೇ ನೋಟಕ್ಕೆ ಸಿಗುತ್ತದೆ. ಹಿಮಯುಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸರಿದ ಹಿಮದ ಹಾಳೆ ಇಲ್ಲಿನ ಗ್ರಾನೈಟಿನ ಉತ್ತರ ಇಳಿಜಾರುಗಳನ್ನು ಉಜ್ಜಿ ನುಣುಪು ಮಾಡಿತು. ದಕ್ಷಿಣದ ಕಡೆಯಲ್ಲಿ ಬಂಡೆಯ ತುಂಡುಗಳನ್ನು ಕಿತ್ತು ಒಯ್ದು ಕಡಿದಾದ ಗೋಡೆಗಳನ್ನು ಬಿಟ್ಟಿತು. ಬಾರ್ ಹಾರ್ಬರಿನ ಎದುರಿಗೇ ಇರುವ ಪೋರ್ಕ್ಯುಪೈನ್ ದ್ವೀಪಗಳಲ್ಲಿ ಈ ಆಕಾರ ಚಿಕ್ಕ ಪ್ರಮಾಣದಲ್ಲಿ ಎದ್ದು ಕಾಣುತ್ತದೆ. ಉತ್ತರದ ಕಡೆ ಸಾವಕಾಶವಾಗಿ ಏರುವ ಕಾಡು, ದಕ್ಷಿಣಕ್ಕೆ ಬಂದರೆ ನೇರವಾಗಿ ನೀರಿಗೆ ಬೀಳುವ ಬಂಡೆ. ಆದ್ದರಿಂದ ದೋಣಿ ದ್ವೀಪಗಳ ಉತ್ತರದ ನೀರಿನಲ್ಲಷ್ಟೇ ಸುತ್ತಿ ಬರುತ್ತದೆಯೋ, ಅವುಗಳನ್ನು ದಾಟಿ ದಕ್ಷಿಣಕ್ಕೂ ಹೋಗುತ್ತದೆಯೋ ಎಂಬ ಪ್ರಶ್ನೆಯನ್ನು ಬೆಟ್ಟ ನೋಡಲು ಬಂದವರು ಕೇಳಲೇಬೇಕು. ಮೌಂಟ್ ಡೆಸರ್ಟ್ ದ್ವೀಪದ ದಕ್ಷಿಣದ ಕಡಲಿನಿಂದ ನೋಡಿದರೆ ಹಿಮ ಕೊರೆದ ಕಣಿವೆಗಳು ತೆರೆದುಕೊಂಡು, ಬೆಟ್ಟಗಳು ಒಂದರ ಪಕ್ಕ ಒಂದಾಗಿ ನಿಂತ ಸಾಲು ಸ್ಪಷ್ಟವಾಗುತ್ತದೆ. ಈ ನೋಟ ದಡಕ್ಕೆ ಅಂಟಿಕೊಂಡು ಹೋಗುವ ದೋಣಿಯಿಂದ ಸಿಗುವುದಿಲ್ಲ. ಒಂದೆರಡು ಮೈಲಿ ಹೊರಗೆ ಹೋಗಬೇಕಾಗುತ್ತದೆ.

ಬೆಳಕಿನ ದಿಕ್ಕೂ ಅಷ್ಟೇ ಮುಖ್ಯ. ಬಾರ್ ಹಾರ್ಬರ್ ಮತ್ತು ಅದರ ಎದುರಿನ ಫ್ರೆಂಚ್‌ಮನ್ ಕೊಲ್ಲಿ ಬೆಟ್ಟಗಳ ಪೂರ್ವಕ್ಕಿವೆ. ಬೆಳಿಗ್ಗೆ ಸೂರ್ಯ ದೋಣಿಯ ಬೆನ್ನ ಹಿಂದೆ ಇರುವುದರಿಂದ ಶಾಂಪ್ಲೇನ್, ಡಾರ್, ಕ್ಯಾಡಿಲಾಕ್ ಬೆಟ್ಟಗಳ ನಸುಗೆಂಪು ಗ್ರಾನೈಟು ಬೆಳಗುತ್ತದೆ. ಸಂಜೆಯಾದರೆ ಸೂರ್ಯ ಅದೇ ಬೆಟ್ಟಗಳ ಹಿಂದಕ್ಕೆ ಇಳಿಯುತ್ತಾನೆ. ಆಗ ಸಿಗುವುದು ಬಣ್ಣದ ಆಕಾಶ ಮತ್ತು ಕಪ್ಪು ಅಂಚು ಮಾತ್ರ. ಅದೂ ಸುಂದರವೇ, ಆದರೆ ಬಂಡೆಯ ರಚನೆಯನ್ನು ನೋಡಬೇಕೆನ್ನುವವರಿಗೆ ಸಂಜೆಯ ವಿಹಾರ ನಿರಾಶೆ ತರುತ್ತದೆ.

ಸೀಲ್ ಎಂಬ ಕಡಲ ಸಸ್ತನಿಗಳ ವಿಷಯದಲ್ಲಿ ನೋಡಬೇಕಾದದ್ದು ಸೂರ್ಯನನ್ನಲ್ಲ, ಉಬ್ಬರವಿಳಿತದ ಪಟ್ಟಿಯನ್ನು. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಸಾಮಾನ್ಯವಾಗಿ 10ರಿಂದ 12 ಅಡಿ ಏರಿಳಿಯುತ್ತದೆ. ಸೀಲ್‌ಗಳು ಮೈಚೆಲ್ಲಿ ಮಲಗುವ ಬಂಡೆಗಳಲ್ಲಿ ಅನೇಕವು ಇಳಿತದ ಹೊತ್ತಿನಲ್ಲಿ ಮಾತ್ರ ನೀರಿನಿಂದ ಮೇಲೇಳುತ್ತವೆ. ಉಬ್ಬರ ಪೂರ್ತಿ ತುಂಬಿದಾಗ ಹೋದರೆ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ತಲೆ ಕಂಡೀತು. ಇಳಿತದ ಆಸುಪಾಸಿನಲ್ಲಿ ಹೋದರೆ ಇಡೀ ಗುಂಪೇ ಬಿಸಿಲು ಕಾಯಿಸುತ್ತ ಮಲಗಿರುವುದು ಕಾಣುತ್ತದೆ. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ಒಂದೇ ದೋಣಿ, ಒಂದೇ ಹೊತ್ತಿನ ಪಯಣ ಒಂದು ವಾರ ಸೀಲ್‌ಗಳಿಂದ ತುಂಬಿದ್ದು ಮರುವಾರ ಬರಿದಾಗಿರುವುದಕ್ಕೆ ಕಾರಣ ಇದು. ಬೆಳಿಗ್ಗೆ 9ರಿಂದ 11ರ ನಡುವೆ ಇಳಿತ ಬೀಳುವ ದಿನ ಸಿಕ್ಕಿದರೆ ಬೆಟ್ಟಕ್ಕೂ ಸೀಲ್‌ಗೂ ಅದೇ ಒಳ್ಳೆಯ ದಿನ.

ದೀಪಸ್ತಂಭಗಳನ್ನು ಸುತ್ತಿಸುವ ದೊಡ್ಡ ದೋಣಿ

ಬಾರ್ ಹಾರ್ಬರಿನಿಂದ ಹೊರಡುವ ದೊಡ್ಡ ಎಂಜಿನ್ ದೋಣಿಗಳು, ಅವುಗಳಲ್ಲೂ ಎರಡು ಒಡಲಿನ ಕ್ಯಾಟಮರಾನ್‌ಗಳು, ಕೆಲವೇ ಗಂಟೆಗಳಲ್ಲಿ ಬಹಳ ದೂರ ಸಾಗಬಲ್ಲವು. ಒಂದೇ ಪಯಣದಲ್ಲಿ ಮೂರು ನಾಲ್ಕು ದೀಪಸ್ತಂಭಗಳನ್ನು ನೋಡಬೇಕೆಂದರೆ ಬೇರೆ ದಾರಿಯಿಲ್ಲ. ದಕ್ಷಿಣದ ದಾರಿ ಹಿಡಿದರೆ ಫ್ರೆಂಚ್‌ಮನ್ ಕೊಲ್ಲಿಯ ಬಾಯಲ್ಲಿರುವ ಎಗ್ ರಾಕ್, ಬಳಿಕ ಬೇಕರ್ ದ್ವೀಪ ಮತ್ತು ಬೇರ್ ದ್ವೀಪದ ದೀಪಗಳು, ಕೊನೆಗೆ ಮೌಂಟ್ ಡೆಸರ್ಟ್ ದ್ವೀಪದ ನೈಋತ್ಯ ತುದಿಯ ಬಾಸ್ ಹಾರ್ಬರ್ ಹೆಡ್ ಸಿಗುತ್ತವೆ. ಪೂರ್ವದ ದಾರಿಯಲ್ಲಿ ಸ್ಕೂಡಿಕ್ ಪರ್ಯಾಯದ್ವೀಪದ ಸಮೀಪದ ಮಾರ್ಕ್ ದ್ವೀಪದ ಮೇಲೆ, 1856ರಲ್ಲಿ ಕಟ್ಟಿ 1933ರಲ್ಲಿ ಆರಿಸಿಬಿಟ್ಟ ವಿಂಟರ್ ಹಾರ್ಬರ್ ದೀಪಸ್ತಂಭವಿದೆ. ಎಲ್ಲ ಪಯಣಗಳೂ ಎಲ್ಲ ದೀಪಸ್ತಂಭಗಳ ಬಳಿಗೆ ಹೋಗುವುದಿಲ್ಲವಾದ್ದರಿಂದ, ಟಿಕೆಟು ಕೊಳ್ಳುವ ಮುನ್ನ ಆ ದಿನದ ದಾರಿಯಲ್ಲಿ ಯಾವ ಯಾವ ದೀಪಸ್ತಂಭಗಳಿವೆ ಎಂದು ಹೆಸರು ಹಿಡಿದೇ ಕೇಳಬೇಕು.

ಇವುಗಳಲ್ಲಿ ನೀರಿನ ಮೇಲಿಂದಲೇ ನೋಡಬೇಕಾದದ್ದು ಎಗ್ ರಾಕ್. 1875ರಲ್ಲಿ ಕಟ್ಟಿದ ಈ ದೀಪಸ್ತಂಭ ಬೇರೆಯವುಗಳಂತೆ ಒಂಟಿ ಗೋಪುರವಲ್ಲ; ಕಾವಲುಗಾರನ ಮನೆಯ ನಟ್ಟನಡುವೆ ಚಾವಣಿಯನ್ನು ಸೀಳಿಕೊಂಡು ಎದ್ದ ಚೌಕಾಕಾರದ ಗೋಪುರ. ಮರವೇ ಇಲ್ಲದ ಬೋಳು ಬಂಡೆ, ಅದರ ಮೇಲೆ ಒಂದು ಮನೆ, ಸುತ್ತಲೂ ನೀರು. 1976ರಲ್ಲಿ ದೀಪ ಸ್ವಯಂಚಾಲಿತವಾದ ಮೇಲೆ ಅಲ್ಲಿ ಯಾರೂ ವಾಸವಿಲ್ಲ, ಜನರು ಅಲ್ಲಿ ಇಳಿಯುವುದಕ್ಕೂ ಅವಕಾಶವಿಲ್ಲ. ಬಂಡೆಯ ಅಂಚಿನ ಹಾಸುಗಲ್ಲುಗಳು ಸೀಲ್‌ಗಳ ತಂಗುದಾಣವೂ ಆಗಿವೆ. ದೀಪಸ್ತಂಭ ಮತ್ತು ವನ್ಯಜೀವಿಗಳು ನಿಜವಾಗಿ ಒಟ್ಟಿಗೆ ಸಿಗುವ ತಾಣ ಈ ಸುತ್ತಿನಲ್ಲಿ ಇದೊಂದೇ ಎನ್ನಬಹುದು. ಹೆಸರಿನ ಹೋಲಿಕೆಯಿಂದ ಒಂದು ಗೊಂದಲ ಹುಟ್ಟುತ್ತದೆ. ಪಫಿನ್ ಹಕ್ಕಿಗಳನ್ನು ಮರಳಿ ನೆಲೆಗೊಳಿಸಿದ್ದಕ್ಕೆ ಹೆಸರಾದ ಈಸ್ಟರ್ನ್ ಎಗ್ ರಾಕ್ ಎಂಬ ದ್ವೀಪ ಬೇರೆ. ಅದು ಇಲ್ಲಿಂದ ಬಹುದೂರ ಪಶ್ಚಿಮಕ್ಕೆ ಮಸ್ಕಾಂಗಸ್ ಕೊಲ್ಲಿಯಲ್ಲಿದೆ. ಬಾರ್ ಹಾರ್ಬರಿನ ಎಗ್ ರಾಕ್ ಬಳಿ ಪಫಿನ್‌ಗಳನ್ನು ಹುಡುಕಬಾರದು.

ಬಾಸ್ ಹಾರ್ಬರ್ ಹೆಡ್ ವಿಷಯದಲ್ಲಿ ನನ್ನ ತೂಕ ಬೇರೆ. 1858ರ ಈ ದೀಪಸ್ತಂಭದ ಚಿತ್ರವೇ 2012ರಲ್ಲಿ ಹೊರಬಂದ ಅಕೇಡಿಯಾದ ಕಾಲು ಡಾಲರ್ ನಾಣ್ಯದ ಮೇಲಿದೆ. 2020ರಲ್ಲಿ ಅದು ಕರಾವಳಿ ಕಾವಲು ಪಡೆಯಿಂದ ರಾಷ್ಟ್ರೀಯ ಉದ್ಯಾನದ ಕೈಗೆ ಬಂತು. ಮುಖ್ಯ ಸಂಗತಿಯೆಂದರೆ ಅದು ಮುಖ್ಯ ದ್ವೀಪದ ಮೇಲೆಯೇ ಇದೆ. ಕಾರಿನಲ್ಲಿ ಹೋಗಿ, ಮೆಟ್ಟಿಲಿಳಿದು, ಬಂಡೆಗಳ ಮೇಲೆ ನಿಂತು ನೋಡಬಹುದು. ಅದರ ಮುಖ ನೈಋತ್ಯಕ್ಕಿರುವುದರಿಂದ ಮಧ್ಯಾಹ್ನದ ನಂತರದ ಬೆಳಕೇ ಅದಕ್ಕೆ ಒಪ್ಪುತ್ತದೆ, ಬೆಳಗಿನ ದೋಣಿಯಲ್ಲಿ ಹೋದವರಿಗೆ ಆ ಬೆಳಕು ಸಿಗುವುದಿಲ್ಲ. ವಾಹನ ನಿಲ್ಲಿಸುವ ಜಾಗ ಚಿಕ್ಕದಾದ್ದರಿಂದ ಸಂಜೆ ಕಾಯಬೇಕಾಗುತ್ತದೆ ಎಂಬುದು ನಿಜ. ಆದರೂ ಇದೊಂದಕ್ಕಾಗಿಯೇ ಉದ್ದದ ದೋಣಿ ಪಯಣವನ್ನು ಆರಿಸಿಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ದೋಣಿಯ ದಾರಿಯಲ್ಲಿ ಅದೂ ಸಿಕ್ಕಿದರೆ ಸಂತೋಷ.

ದೊಡ್ಡ ದೋಣಿಯ ಅನುಕೂಲಗಳು ಸ್ಪಷ್ಟವಾಗಿವೆ: ಶೌಚಾಲಯ, ಮುಚ್ಚಿದ ಒಳಾಂಗಣ, ಕಡಿಮೆ ಅಲುಗಾಟ, ದಾರಿಯುದ್ದಕ್ಕೂ ಧ್ವನಿವರ್ಧಕದಲ್ಲಿ ವಿವರಣೆ. ಕೊರತೆಗಳೂ ಅಷ್ಟೇ ಸ್ಪಷ್ಟ. ಮೇಲಿನ ಅಟ್ಟದಿಂದ ನೋಡಿದರೆ ನೀರು ಬಹಳ ಕೆಳಗಿರುತ್ತದೆ. ಜನಸಂದಣಿಯಿರುವ ದಿನ ಕಟಾಂಜನದ ಬಳಿ ನಿಲ್ಲಲು ಜಾಗಕ್ಕೆ ಕಾಯಬೇಕು. ಎಂಜಿನ್ನಿನ ಸದ್ದಿನಲ್ಲಿ ಹಕ್ಕಿಗಳ ಕೂಗು ಕೇಳಿಸುವುದಿಲ್ಲ. ವೇಳಾಪಟ್ಟಿಗೆ ಕಟ್ಟುಬಿದ್ದಿರುವುದರಿಂದ, ಹಾರ್ಬರ್ ಪಾರ್ಪಾಯ್ಸ್ ಎಂಬ ಐದಡಿಯ ಪುಟ್ಟ ತಿಮಿಂಗಿಲ ಬಂಧುವೊಂದು ಎದುರಿಗೆ ತೇಲಿದರೂ ದೋಣಿ ಅದಕ್ಕಾಗಿ ಬಹಳ ಹೊತ್ತು ನಿಲ್ಲುವುದಿಲ್ಲ.

ಬೇಕರ್ ದ್ವೀಪಕ್ಕೆ ಇಳಿಯುವ ಪಯಣ

ಮೇಲಿನ ಪಯಣಗಳಲ್ಲಿ ದೀಪಸ್ತಂಭವನ್ನು ದೂರದಿಂದ ನೋಡಿ ಮುಂದೆ ಹೋಗುತ್ತೇವೆ. ಅದರ ಬುಡಕ್ಕೇ ಹೋಗಿ ನಿಲ್ಲಬೇಕೆನ್ನುವವರಿಗೆ, ಬೇಸಿಗೆಯಲ್ಲಿ ಉದ್ಯಾನದ ರೇಂಜರ್ ಜೊತೆಗಿದ್ದು ವಿವರಿಸುವ ಬೇಕರ್ ದ್ವೀಪದ ಪಯಣವೇ ಸರಿಯಾದದ್ದು. ಇದಕ್ಕೆ ಅರ್ಧ ದಿನ ಬೇಕು. ದೊಡ್ಡ ದೋಣಿ ದ್ವೀಪದವರೆಗೆ ಬಂದು ನೀರಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಯಲ್ಲಿ ಕಲ್ಲುಗಳ ದಡಕ್ಕೆ ಇಳಿಸುತ್ತಾರೆ. ಒದ್ದೆಯಾದ, ಸಮತಟ್ಟಿಲ್ಲದ ಕಲ್ಲುಗಳ ಮೇಲೆ ಹೆಜ್ಜೆಯಿಡಬೇಕಾಗುವುದರಿಂದ ಮಂಡಿನೋವಿರುವ ಹಿರಿಯರಿಗೆ, ಕೈಗೂಸುಗಳನ್ನು ಎತ್ತಿಕೊಂಡವರಿಗೆ ಇದನ್ನು ನಾನು ಸೂಚಿಸಲಾರೆ.

ಹೋಗಲು ಶಕ್ತಿಯಿರುವವರಿಗೆ ಇಷ್ಟು ತುಂಬಿದ ಅನುಭವ ಬೇರೆ ಯಾವ ದೋಣಿಯಲ್ಲೂ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಮತ್ತು ಹ್ಯಾನಾ ಗಿಲ್ಲಿ ದಂಪತಿ ಈ ದ್ವೀಪಕ್ಕೆ ಬಂದು, ಕಾಡು ಕಡಿದು, ದನ ಕುರಿ ಸಾಕಿ, ಹನ್ನೆರಡು ಮಕ್ಕಳನ್ನು ಬೆಳೆಸಿದರು. 1828ರಲ್ಲಿ ಸರ್ಕಾರ ಇಲ್ಲಿ ದೀಪಸ್ತಂಭ ಕಟ್ಟಿದಾಗ ಅದರ ಮೊದಲ ಕಾವಲುಗಾರ ಗಿಲ್ಲಿಯೇ. 1849ರವರೆಗೂ ಆ ಕೆಲಸ ಅವನ ಕೈಯಲ್ಲಿತ್ತು. ಈಗಿರುವ ಗೋಪುರ 1855ರದು. ಅದನ್ನು ಕಟ್ಟಿದ್ದು ದ್ವೀಪದ ಅಂಚಿನಲ್ಲಲ್ಲ, ನಡುಭಾಗದಲ್ಲಿ. ಜನರು ದ್ವೀಪ ಬಿಟ್ಟುಹೋದ ಮೇಲೆ ಹಳೆಯ ಹೊಲಗಳ ಜಾಗದಲ್ಲಿ ಸ್ಪ್ರೂಸ್ ಮರಗಳು ಮತ್ತೆ ಬೆಳೆದು ಗೋಪುರವನ್ನು ಮರೆಮಾಡಿದವು; ಆದ್ದರಿಂದಲೇ ದೋಣಿಯಲ್ಲಿ ಸುತ್ತಿ ಹೋಗುವವರಿಗೆ ಬೇಕರ್ ದ್ವೀಪದ ದೀಪಸ್ತಂಭ ಸರಿಯಾಗಿ ಕಾಣುವುದೇ ಇಲ್ಲ. ಕರಪತ್ರದ ಪಟ್ಟಿಯಲ್ಲಿ ಅದರ ಹೆಸರನ್ನು ಕಂಡು ಲೆಕ್ಕ ಹಾಕುವವರು ಈ ಸಂಗತಿಯನ್ನು ನೆನಪಿಡಬೇಕು.

ಬೆಟ್ಟಗಳ ದೃಷ್ಟಿಯಿಂದಲೂ ಈ ದ್ವೀಪಕ್ಕೆ ನನ್ನ ಮನಸ್ಸಿನಲ್ಲಿ ಮೊದಲ ಸ್ಥಾನ. ಮುಖ್ಯ ದ್ವೀಪದ ಬೆಟ್ಟಸಾಲು ಎಡದಿಂದ ಬಲಕ್ಕೆ ಅಖಂಡವಾಗಿ ಕಾಣಲು ಬೇಕಾದಷ್ಟು ದೂರದಲ್ಲಿ ಇದು ಇದೆ, ಮತ್ತು ಕಾಲ ಕೆಳಗೆ ಅಲುಗದ ನೆಲವಿರುತ್ತದೆ. ಕ್ಯಾಮೆರಾಕ್ಕೆ ಉದ್ದದ ಲೆನ್ಸ್ ಹಾಕಿ ಸಾವಧಾನವಾಗಿ ಚಿತ್ರ ತೆಗೆಯುವವರಿಗೆ ಇದರ ಬೆಲೆ ತಿಳಿದಿರುತ್ತದೆ.

ಸೋಮ್ಸ್ ಸೌಂಡ್ ಮತ್ತು ಕ್ರ್ಯಾನ್‌ಬೆರಿ ದ್ವೀಪಗಳು

ಮೌಂಟ್ ಡೆಸರ್ಟ್ ದ್ವೀಪವನ್ನು ದಕ್ಷಿಣದಿಂದ ಸುಮಾರು ಐದು ಮೈಲಿಯಷ್ಟು ಸೀಳಿಕೊಂಡು ಒಳಗೆ ಬರುವ ಕಡಲತೋಳಿಗೆ ಸೋಮ್ಸ್ ಸೌಂಡ್ ಎಂದು ಹೆಸರು. ಇದರ ಬಾಯಿಯ ಪಕ್ಕದಲ್ಲಿರುವ ನಾರ್ತ್‌ಈಸ್ಟ್ ಹಾರ್ಬರ್ ಎಂಬ ಊರಿನಿಂದ ಹೊರಡುವ ದೋಣಿಗಳು ಬಾರ್ ಹಾರ್ಬರಿನ ದೋಣಿಗಳಿಗಿಂತ ಚಿಕ್ಕವು, ನಿಧಾನವಾದವು, ಜನಸಂದಣಿ ಕಡಿಮೆಯಿರುವವು. ಒಂದು ಬದಿಗೆ 852 ಅಡಿಯ ನೊರಂಬೇಗಾ ಬೆಟ್ಟ, ಇನ್ನೊಂದು ಬದಿಗೆ 681 ಅಡಿಯ ಅಕೇಡಿಯಾ ಬೆಟ್ಟ. ನಡುವಿನ ನೀರಿನಲ್ಲಿ ಸಾಗುವಾಗ ಬೆಟ್ಟ ದೂರದ ನೋಟವಾಗಿ ಉಳಿಯದೆ ತಲೆಯ ಮೇಲೆ ನಿಂತಂತೆ ಇರುತ್ತದೆ. ಆಸ್ಪ್ರೇ ಎಂಬ ಮೀನುಹಿಡಿವ ಹದ್ದು ಬೇಸಿಗೆಯಲ್ಲಿ ಈ ನೀರಿನ ಮೇಲೆ ಸುತ್ತುತ್ತಿರುತ್ತದೆ. ದೀಪಸ್ತಂಭಗಳ ಲೆಕ್ಕದಲ್ಲಿ ಮಾತ್ರ ಈ ದಾರಿ ಬಡವೆ: ಬಂದರಿನ ಬಾಯಲ್ಲಿರುವ ಬೇರ್ ದ್ವೀಪದ ದೀಪ ಒಂದೇ. ಆದರೆ 1889ರ ಆ ಪುಟ್ಟ ಗೋಪುರ ಬಂಡೆಯ ನೆತ್ತಿಯ ಮೇಲೆ, ಹಿಂದೆ ಬೆಟ್ಟಗಳನ್ನಿಟ್ಟುಕೊಂಡು ನಿಂತಿರುವುದನ್ನು ಹತ್ತಿರದಿಂದ ನೋಡಬಹುದು. ದೀಪಸ್ತಂಭವೂ ಬೆಟ್ಟವೂ ಒಂದೇ ಚೌಕಟ್ಟಿನಲ್ಲಿ ಬೇಕೆನ್ನುವವರು ಇದನ್ನು ಬಿಡಬಾರದು.

ಸುತ್ತಲೂ ಬೆಟ್ಟಗಳ ಆಸರೆಯಿರುವುದರಿಂದ ಹೊರಗಿನ ಕಡಲಿನ ಅಲೆ ಒಳಗೆ ಬರುವುದಿಲ್ಲ. ದೋಣಿಯ ಓಲಾಟಕ್ಕೆ ಹೊಟ್ಟೆ ತೊಳಸುವವರು, ವಯಸ್ಸಾದ ತಂದೆತಾಯಿಗಳನ್ನು ಕರೆತಂದವರು, ಮೊದಲ ಬಾರಿ ಕಡಲಿಗಿಳಿಯುವ ಮಕ್ಕಳಿರುವವರು ಬೇರೆಲ್ಲ ಆಯ್ಕೆಗಳನ್ನು ಬದಿಗಿಟ್ಟು ಇದನ್ನೇ ಆರಿಸಿಕೊಳ್ಳಲಿ. ಕೆಲವು ಪಯಣಗಳು ಲಿಟಲ್ ಕ್ರ್ಯಾನ್‌ಬೆರಿ ದ್ವೀಪದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆ. ಅಲ್ಲಿ ಉದ್ಯಾನಕ್ಕೆ ಸೇರಿದ ಐಲ್ಸ್‌ಫರ್ಡ್ ಐತಿಹಾಸಿಕ ವಸ್ತುಸಂಗ್ರಹಾಲಯವಿದೆ. ವಿವರಣೆ ಬೇಡ, ನೀರಿನ ಮೇಲೆ ಹೋಗಿಬಂದರೆ ಸಾಕು ಎನ್ನುವವರಿಗೆ ದ್ವೀಪವಾಸಿಗಳೇ ಬಳಸುವ ಅಂಚೆದೋಣಿಯೂ ಇದೇ ದಕ್ಕೆಯಿಂದ ವರ್ಷವಿಡೀ ಹೋಗುತ್ತದೆ.

ಹಾಯಿ ಹಡಗು, ಲಾಬ್‌ಸ್ಟರ್ ದೋಣಿ

ಬಾರ್ ಹಾರ್ಬರಿನಿಂದ ಹೊರಡುವ ಹಾಯಿ ಹಡಗಿನಲ್ಲಿ ಕಾಣುವುದು ಕಡಿಮೆ, ಕೇಳುವುದು ಹೆಚ್ಚು. ಎಂಜಿನ್ ನಿಲ್ಲಿಸಿದ ಮೇಲೆ ಪಾರ್ಪಾಯ್ಸ್ ನೀರಿನ ಮೇಲೆ ಬಂದು ಉಸಿರುಬಿಡುವ ಸದ್ದೂ ಕಿವಿಗೆ ಬೀಳುತ್ತದೆ. ಗಾಳಿಯನ್ನು ನೆಚ್ಚಿಕೊಂಡಿರುವುದರಿಂದ ಸಾಮಾನ್ಯವಾಗಿ ಪೋರ್ಕ್ಯುಪೈನ್ ದ್ವೀಪಗಳ ಆಸುಪಾಸಿನಲ್ಲೇ ಸುತ್ತುತ್ತದೆ. ದೀಪಸ್ತಂಭಕ್ಕಾಗಿ ಇದನ್ನು ಹತ್ತಬಾರದು. ಆ ದ್ವೀಪಗಳ ಮರಗಳಲ್ಲಿ ಬಾಲ್ಡ್ ಈಗಲ್ ಹದ್ದುಗಳು ಗೂಡು ಕಟ್ಟುತ್ತವೆ. ಡಿಡಿಟಿ ವಿಷದಿಂದ ಇಡೀ ದೇಶದಲ್ಲಿ ಕ್ಷೀಣಿಸಿದ್ದ ಈ ಹದ್ದನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದದ್ದು 2007ರಲ್ಲಿ. ಈಗ ಈ ಕೊಲ್ಲಿಯಲ್ಲಿ ಅದನ್ನು ಕಾಣುವುದು ಅಪರೂಪವಲ್ಲ. ಸಂಜೆಯ ಪಯಣ ಮಾಡಲೇಬೇಕೆಂದಿದ್ದರೆ ಅದು ಹಾಯಿ ಹಡಗಿನದೇ ಆಗಿರಲಿ.

ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಕಡಲಜೀವಿಯನ್ನು ಹಿಡಿಯುವ ದೋಣಿಯಲ್ಲಿ ಒಂದಿಷ್ಟು ಪ್ರವಾಸಿಗರನ್ನು ಕೂರಿಸಿಕೊಂಡು, ಬಲೆಪೆಟ್ಟಿಗೆಯನ್ನು ಮೇಲೆತ್ತಿ ತೋರಿಸಿ, ಸೀಲ್‌ಗಳ ಬಂಡೆಯವರೆಗೆ ಕರೆದೊಯ್ಯುವ ಪಯಣ ಮಕ್ಕಳಿಗೆ ಬಹಳ ಹಿಡಿಸುತ್ತದೆ. ದೇಹದ ಕವಚ ಮೂರೂಕಾಲು ಅಂಗುಲಕ್ಕಿಂತ ಚಿಕ್ಕದಾದ, ಐದು ಅಂಗುಲಕ್ಕಿಂತ ದೊಡ್ಡದಾದ ಲಾಬ್‌ಸ್ಟರನ್ನು ಮೇಯ್ನ್ ಕಾನೂನಿನಂತೆ ನೀರಿಗೇ ಬಿಡಬೇಕು. ಮೊಟ್ಟೆಯಿರುವ ಹೆಣ್ಣಿನ ಬಾಲದಲ್ಲಿ ಚಿಕ್ಕ ಕಚ್ಚು ಮಾಡಿ ಬಿಡುತ್ತಾರೆ, ಮುಂದೆ ಯಾರು ಹಿಡಿದರೂ ಆ ಗುರುತು ನೋಡಿ ಮತ್ತೆ ಬಿಡಬೇಕು. ಈ ಅಳತೆಗೋಲು ಹಿಡಿದು ನೋಡುವ ಕೆಲಸವನ್ನು ಕಣ್ಣೆದುರಿಗೆ ಮಾಡಿ ತೋರಿಸುವುದು ಈ ದೋಣಿಯ ವಿಶೇಷ. ದೋಣಿ ತಗ್ಗಾಗಿರುವುದರಿಂದ ಸೀಲ್‌ಗಳು ಕಣ್ಣಿನ ಮಟ್ಟದಲ್ಲೇ ಕಾಣುತ್ತವೆ. ನಾಯಿಯ ಮೂತಿಯನ್ನು ಹೋಲುವ ಚಿಕ್ಕದು ಹಾರ್ಬರ್ ಸೀಲ್. ಉದ್ದನೆಯ, ಕುದುರೆಯಂಥ ಮೂತಿಯ ದೊಡ್ಡದು ಗ್ರೇ ಸೀಲ್. ಹಾರ್ಬರ್ ಸೀಲ್‌ಗಳು ಮರಿಹಾಕುವುದು ಮೇ ಮತ್ತು ಜೂನ್ ತಿಂಗಳಲ್ಲಿ.

ಇಲ್ಲಿ ದೂರದ ನಿಯಮವನ್ನು ಹೇಳಲೇಬೇಕು. 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಪ್ರಾಣಿಗಳಿಗೆ ತೊಂದರೆ ಕೊಡುವುದು ಅಪರಾಧ, ಮತ್ತು ಸೀಲ್‌ಗಳಿಂದ ಕನಿಷ್ಠ 150 ಅಡಿ ದೂರವಿರಬೇಕೆಂಬುದು ಅಲ್ಲಿನ ಅಧಿಕೃತ ಸೂಚನೆ. ಬಂಡೆಯ ಮೇಲಿನ ಸೀಲ್‌ಗಳು ತಲೆಯೆತ್ತಿ ದೋಣಿಯನ್ನೇ ನೋಡತೊಡಗಿದರೆ ಅದು ಕುತೂಹಲವಲ್ಲ, ಎಚ್ಚರಿಕೆ. ಇನ್ನೂ ಹತ್ತಿರ ಹೋದರೆ ಗುಂಪು ನೀರಿಗೆ ನುಗ್ಗುತ್ತದೆ, ಆ ಗಲಿಬಿಲಿಯಲ್ಲಿ ಮರಿ ತಾಯಿಯಿಂದ ಬೇರ್ಪಡಬಹುದು. "ನಮ್ಮಷ್ಟು ಹತ್ತಿರ ಯಾರೂ ಕರೆದೊಯ್ಯುವುದಿಲ್ಲ" ಎಂದು ಹೇಳಿಕೊಳ್ಳುವ ದೋಣಿಯನ್ನು ಆ ಒಂದು ಮಾತಿಗಾಗಿಯೇ ಬಿಡಬೇಕೆಂದು ನಾನು ಹೇಳುತ್ತೇನೆ. ಒಳ್ಳೆಯ ಬೈನಾಕ್ಯುಲರ್ ಇದ್ದರೆ 150 ಅಡಿ ದೂರವೇ ಅಲ್ಲ.

ಪಫಿನ್ ಮತ್ತು ತಿಮಿಂಗಿಲಗಳಿಗಾಗಿ ಹೋಗುವವರು

ಮೇಲಿನ ಯಾವ ಪಯಣದಲ್ಲೂ ಪಫಿನ್ ಹಕ್ಕಿಯನ್ನೋ ದೊಡ್ಡ ತಿಮಿಂಗಿಲವನ್ನೋ ನಿರೀಕ್ಷಿಸಬಾರದು. ಅವುಗಳಿಗಾಗಿಯೇ ಹೊರಡುವ ಪಯಣಗಳು ಬೇರೆ ಇವೆ. ಪಫಿನ್‌ಗಳು ಗೂಡು ಕಟ್ಟುವುದು ಸ್ಕೂಡಿಕ್‌ನಿಂದಾಚೆ ಪೂರ್ವಕ್ಕಿರುವ ಪೆಟಿಟ್ ಮನಾನ್ ದ್ವೀಪದಲ್ಲಿ. ಅಲ್ಲಿ 1855ರಲ್ಲಿ ಗ್ರಾನೈಟಿನಿಂದ ಕಟ್ಟಿದ 119 ಅಡಿಯ ಗೋಪುರ ಮೇಯ್ನ್‌ನಲ್ಲಿ ಎತ್ತರದಲ್ಲಿ ಎರಡನೆಯದು. ಆದ್ದರಿಂದ ಪಫಿನ್ ಪಯಣಕ್ಕೆ ಹೋದವರಿಗೆ ಒಂದು ಭವ್ಯ ದೀಪಸ್ತಂಭವೂ ಸಿಗುತ್ತದೆ. ದ್ವೀಪ ವನ್ಯಜೀವಿಧಾಮವಾಗಿರುವುದರಿಂದ ಗೂಡಿನ ಕಾಲದಲ್ಲಿ ಇಳಿಯುವಂತಿಲ್ಲ, ದೋಣಿಯಿಂದಲೇ ನೋಡಬೇಕು. ಪಫಿನ್ ಹತ್ತು ಅಂಗುಲದ ಹಕ್ಕಿ. ಚಿತ್ರಗಳಲ್ಲಿ ದೊಡ್ಡದಾಗಿ ಕಾಣುವ ಅದನ್ನು ಬರಿಗಣ್ಣಿನಿಂದ ಹುಡುಕುವವರು ನಿರಾಶರಾಗುತ್ತಾರೆ. ಮರಿಗಳು ಹಾರಿಹೋದ ಮೇಲೆ, ಆಗಸ್ಟ್ ನಡುಭಾಗದ ಹೊತ್ತಿಗೆ, ದ್ವೀಪ ಬರಿದಾಗುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳೇ ಇದಕ್ಕೆ ಸರಿ.

ಹಂಪ್‌ಬ್ಯಾಕ್, ಫಿನ್, ಮಿಂಕಿ ತಿಮಿಂಗಿಲಗಳಿಗಾಗಿ ಇನ್ನೂ ಹೊರಗೆ, ಹಲವೊಮ್ಮೆ ಇಪ್ಪತ್ತು ಮೈಲಿಗಿಂತ ಆಚೆ ಹೋಗಬೇಕು. ತೆರೆದ ಕಡಲಿನ ಉಬ್ಬಲೆ ಅಲ್ಲಿ ಸಹಜ. ಬೆಟ್ಟಗಳು ದಿಗಂತದಲ್ಲಿ ಕುಗ್ಗಿ ಮಾಸುತ್ತವೆ, ದೀಪಸ್ತಂಭಗಳಲ್ಲಿ ದೂರದ ಮೌಂಟ್ ಡೆಸರ್ಟ್ ರಾಕ್ ಎಂಬ 1847ರ ಒಂಟಿ ಗೋಪುರ ಕಂಡರೆ ಕಂಡೀತು. ಮೇಯ್ನ್ ಕೊಲ್ಲಿಯ ನೀರು ಜಗತ್ತಿನ ಬಹುತೇಕ ಕಡಲಭಾಗಗಳಿಗಿಂತ ವೇಗವಾಗಿ ಬಿಸಿಯಾಗುತ್ತಿರುವುದರಿಂದ ಮೀನುಗಳ ನೆಲೆ ಬದಲಾಗುತ್ತಿದೆ, ಅವುಗಳನ್ನು ಹಿಂಬಾಲಿಸುವ ತಿಮಿಂಗಿಲಗಳ ನೆಲೆಯೂ ಬದಲಾಗುತ್ತಿದೆ. 2012ರ ಬಿಸಿಯಲ್ಲಿ ಪಫಿನ್ ಮರಿಗಳು ತಾಯ್ತಂದೆ ತಂದ ಅಗಲವಾದ ಬಟರ್‌ಫಿಶ್ ಮೀನನ್ನು ನುಂಗಲಾಗದೆ ಹಸಿವಿನಿಂದ ಸತ್ತವು. ಈ ಪಯಣಗಳಲ್ಲಿ ಖಚಿತತೆ ಕಡಿಮೆಯಾಗಿರುವುದಕ್ಕೆ ದೋಣಿಯವರನ್ನು ದೂಷಿಸುವುದು ನ್ಯಾಯವಲ್ಲ.

ತಿಂಗಳು, ಮಂಜು, ಉಡುಪು

ಜೂನ್ ಮತ್ತು ಜುಲೈಯಲ್ಲಿ ನೈಋತ್ಯದ ಬೆಚ್ಚನೆಯ ತೇವಗಾಳಿ ತಣ್ಣನೆಯ ನೀರಿನ ಮೇಲೆ ಹಾಯ್ದಾಗ ದಟ್ಟ ಮಂಜು ಹುಟ್ಟುತ್ತದೆ. ಪಫಿನ್‌ಗಳ ಕಾಲವೂ ಅದೇ ಆಗಿರುವುದು ದುರದೃಷ್ಟ. ಮಂಜಿರುವ ದಿನ ರೇಡಾರಿನ ನೆರವಿನಿಂದ ದೊಡ್ಡ ದೋಣಿಗಳು ಹೊರಡುತ್ತವೆ, ಆದರೆ ಕಾಣುವುದೇನೂ ಇರುವುದಿಲ್ಲ. ಅಂಥ ದಿನ ಪಯಣವನ್ನು ಮುಂದಕ್ಕೆ ಹಾಕುವುದೋ, ಒಳನೀರಿನ ಸೋಮ್ಸ್ ಸೌಂಡ್ ಕಡೆಗೆ ತಿರುಗುವುದೋ ಜಾಣತನ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಗಾಳಿ ತಿಳಿಯಾಗಿರುತ್ತದೆ. ಅಕ್ಟೋಬರ್ ನಡುಭಾಗದಲ್ಲಿ ಎಲೆಗಳ ಬಣ್ಣ ಏರುತ್ತದೆ, ಮತ್ತು ಅದು ದೋಣಿಯಿಂದ ನೋಡುವವರಿಗೆ ಒಂದು ಹಳೆಯ ಘಟನೆಯ ಗುರುತನ್ನೂ ತೋರಿಸುತ್ತದೆ: 1947ರ ಬೆಂಕಿ ದ್ವೀಪದ ಪೂರ್ವಾರ್ಧದಲ್ಲಿ 17,000 ಎಕರೆಗಿಂತ ಹೆಚ್ಚು ನೆಲವನ್ನು ಸುಟ್ಟಿತು. ಸುಟ್ಟ ಕಡೆ ನಿತ್ಯಹಸಿರಿನ ಸ್ಪ್ರೂಸ್ ಹೋಗಿ ಬರ್ಚ್, ಆಸ್ಪೆನ್ ಮರಗಳು ಬಂದವು. ಈಗ ಫ್ರೆಂಚ್‌ಮನ್ ಕೊಲ್ಲಿಯ ಕಡೆಯ ಇಳಿಜಾರುಗಳು ಹಳದಿಯಾಗಿ ಬೆಳಗುವಾಗ ಬೆಂಕಿ ತಲುಪದ ಪಶ್ಚಿಮದ ಬೆಟ್ಟಗಳು ಕಡುಹಸಿರಾಗಿಯೇ ಉಳಿಯುತ್ತವೆ. ಶರತ್ಕಾಲದಲ್ಲಿ ಬೆಟ್ಟಕ್ಕಾಗಿ ಹೋಗುವವರು ಆದ್ದರಿಂದ ಬಾರ್ ಹಾರ್ಬರಿನ ದೋಣಿಯನ್ನೇ ಹಿಡಿಯಬೇಕು, ಸೋಮ್ಸ್ ಸೌಂಡಿನದನ್ನಲ್ಲ.

ಬೇಸಿಗೆಯ ನಡುವೆಯೂ ಇಲ್ಲಿನ ಕಡಲಿನ ನೀರು 55ರಿಂದ 60 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಇರುತ್ತದೆ. ದಡದಲ್ಲಿ ಸೆಖೆಯಿದ್ದರೂ ದೋಣಿಯ ಮೇಲೆ ಸ್ವೆಟರ್, ಗಾಳಿ ತಡೆಯುವ ಕೋಟು ಮತ್ತು ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಒಂದೇ ದಿನವಿದ್ದರೆ

ಇಡೀ ಪ್ರವಾಸದಲ್ಲಿ ಕಡಲಿಗಾಗಿ ಒಂದೇ ಬೆಳಗು ಮೀಸಲಿಡಲು ಸಾಧ್ಯವಿರುವವರಿಗೆ ನಾನು ಹೇಳುವುದು ದೀಪಸ್ತಂಭಗಳ ದೊಡ್ಡ ದೋಣಿಯ ಬೆಳಗಿನ ಪಯಣವನ್ನು; ಕೊರತೆಗಳಿದ್ದರೂ ಮೂರರ ರುಚಿಯನ್ನೂ ಒಂದಿಷ್ಟು ಕೊಡುವುದು ಅದೇ. ಎರಡನೆಯ ಬಾರಿ ಬರುವವರು, ಕಾಲಲ್ಲಿ ಬಲವಿರುವವರು ಬೇಕರ್ ದ್ವೀಪಕ್ಕೆ ಹೋಗಲಿ. ಹಿರಿಯರು ಜೊತೆಗಿದ್ದರೆ ನಾರ್ತ್‌ಈಸ್ಟ್ ಹಾರ್ಬರಿಗೆ ಹೋಗಲಿ. ಅದೇ ದಿನ ಕ್ಯಾಡಿಲಾಕ್ ನೆತ್ತಿಗೂ ಕಾರಿನಲ್ಲಿ ಹೋಗುವ ಯೋಚನೆಯಿದ್ದರೆ, ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಉದ್ಯಾನದ ಪ್ರವೇಶ ಶುಲ್ಕದ ಜೊತೆಗೆ ವಾಹನಕ್ಕೆ 6 ಡಾಲರಿನ ಮುಂಗಡ ಕಾಯ್ದಿರಿಸುವಿಕೆ ಬೇಕು. ಸೂರ್ಯೋದಯದ ಅವಧಿಯನ್ನು ಕಾಯ್ದಿರಿಸಿ ಬೆಳಗಿನ ದೋಣಿಯನ್ನೂ ಕೊಂಡರೆ ಎರಡರ ನಡುವೆ ಊಟ ತಿಂಡಿಗೂ ಬಿಡುವು ಸಿಗುವಂತೆ ವೇಳೆ ಹೊಂದಿಸಿಕೊಳ್ಳಬೇಕು. ಜೂನ್ ಕೊನೆಯ ನಂತರ ದ್ವೀಪದಲ್ಲಿ ಓಡಾಡುವ ಐಲ್ಯಾಂಡ್ ಎಕ್ಸ್‌ಪ್ಲೋರರ್ ಬಸ್ಸು ಉಚಿತವಾದ್ದರಿಂದ, ದಕ್ಕೆಯ ಬಳಿ ಕಾರು ನಿಲ್ಲಿಸುವ ಜಾಗಕ್ಕೆ ಅಲೆಯದೆ ಅದರಲ್ಲೇ ಬರಬಹುದು.

ಟಿಕೆಟು ಕೊಳ್ಳುವಾಗ ಎರಡು ಮಾತುಗಳನ್ನು ತಪ್ಪದೆ ಕೇಳಿ. ಮಂಜು ಅಥವಾ ಗಾಳಿಯಿಂದ ಪಯಣ ರದ್ದಾದರೆ ಹಣ ಮರಳಿಸುತ್ತಾರೆಯೋ, ಬೇರೆ ದಿನದ ಟಿಕೆಟು ಕೊಡುತ್ತಾರೆಯೋ. ಮತ್ತು ಹೊರಗೆ ಕೂರುವ ಜಾಗ ಎಷ್ಟಿದೆ. ಹತ್ತುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಸಾಲಿನಲ್ಲಿದ್ದರೆ ಬೇಕಾದ ಬದಿ ಸಿಗುತ್ತದೆ: ಬಾರ್ ಹಾರ್ಬರಿನಿಂದ ದಕ್ಷಿಣಕ್ಕೆ ಹೋಗುವ ದೋಣಿಯಲ್ಲಿ ಬೆಟ್ಟಗಳೂ ಆಟರ್ ಕ್ಲಿಫ್ ಬಂಡೆಗೋಡೆಯೂ ಹೋಗುವಾಗ ಬಲಕ್ಕೆ, ಮರಳುವಾಗ ಎಡಕ್ಕೆ ಇರುತ್ತವೆ. ಬೆಳಗಿನ ಬೆಳಕು ಹೋಗುವಾಗಲೇ ಹೆಚ್ಚು ಚೆನ್ನಾಗಿರುವುದರಿಂದ ಬಲಬದಿಯ ಹೊರಗಿನ ಆಸನವನ್ನು ಹಿಡಿಯುವುದು ಒಳ್ಳೆಯದು.